ಹದಿನಾಲ್ಕನೇ ಸಂಪುಟದ ಬೆನ್ನು

ಮಾರ್ಚ್ 3, ಸೋಮವಾರ

ಈ ನೋಟುಪುಸ್ತಕ ನಾನೇ ಕಟ್ಟಿದ್ದು. ಒಳಗಿನ ಹಾಳೆಗಳು ಕತ್ತರಿ ಯಂತ್ರದಡಿ ಉಳಿದ ಚೂರು, ರಟ್ಟು ಒಂದು ಹಳೆಯ ನಕಾಶೆಯ ಪೆಟ್ಟಿಗೆಯದು. ಮೂವತ್ತೇಳು ವರ್ಷ ರಾಷ್ಟ್ರೀಯ ಗ್ರಂಥಾಲಯದ ದುರಸ್ತಿ ಕೋಣೆಯಲ್ಲಿ ಕೂತು ಕಂಡವರ ಪುಸ್ತಕಕ್ಕೆಲ್ಲ ಹೊಲಿಗೆ ಹಾಕಿದ್ದೇನೆ. ನನಗೆಂದು ಒಂದು ಕಟ್ಟಿಕೊಂಡದ್ದು ಇದೇ ಮೊದಲು, ಅದೂ ಡಾಕ್ಟರ ಅಪ್ಪಣೆಯಿಂದ. ಅಕ್ಕ ದಿನಾ ಏನೇನು ಮರೆತಳು ಎಂದು ಬರೆದಿಡಿ, ಮುಂದಿನ ಸಲ ತನ್ನಿ ಎಂದಿದ್ದಾರೆ. ಅವರಿಗೆ ತೋರಿಸುವ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದರಾಯಿತು. ಇದು ನನಗೇ ಇರಲಿ.

ಇವತ್ತಿನ ಲೆಕ್ಕ: ಅಡಿಗೆಗೆ ಎರಡು ಸಲ ಉಪ್ಪು ಬಿತ್ತು, ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಸುಮ್ಮನೆ ತಿಂದು ಎರಡು ಚೊಂಬು ನೀರು ಕುಡಿದೆ.

ಸಂಜೆ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಲವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ನನ್ನನ್ನು ಸಾಕಿದ ಯಂತ್ರ ಅದು. ಈಗ ಅದಕ್ಕೆ ಕೆಲಸವಿಲ್ಲ, ಆದರೂ ತುಳಿಯುತ್ತಾಳೆ. ತುಳಿಯುತ್ತಾ ಹಾಡಿಕೊಂಡಳು: ಪರದೆ ಇಳಿಯಿತೆಂದು ಏಳಬೇಡಿ, ಇನ್ನೊಂದು ಮಾತಿದೆ, ಬಣ್ಣ ತೊಳೆದ ಮೇಲೂ ನಮಗೆ ನಿಮ್ಮದೇ ನೆನಪಿದೆ. ಅಲ್ಲಿಗೆ ನಿಂತಳು. ಮತ್ತೆ ಮೊದಲಿಂದ ಹಾಡಿ ಅಲ್ಲಿಗೇ ಬಂದು ನಿಂತಳು.

"ಮುಂದೇನೋ ಪುಟ್ಟಾ?" ಎಂದಳು. ಐವತ್ತೊಂಬತ್ತು ತುಂಬಿ ಅರವತ್ತಕ್ಕೆ ಬಿದ್ದರೂ ನಾನು ಪುಟ್ಟನೇ.

ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಅದು ಆ ಮನುಷ್ಯ ಬರೆದ ಹಾಡು. ಆತ ಒಂದು ನಾಟಕ ಕಂಪನಿಗೆ ಹಾಡು ಬರೆಯುತ್ತಿದ್ದ, ಅಕ್ಕ ಹುಡುಗಿಯಾಗಿದ್ದಾಗ ಅದೇ ಕಂಪನಿಯಲ್ಲಿ ಹಾಡುತ್ತಿದ್ದಳು. ನಾನು ಹುಟ್ಟಿದ ವರ್ಷ ಅಮ್ಮ ತೀರಿಹೋದಳು. ನನಗೆ ಐದಾಗಿದ್ದಾಗ ಆತ ನಮ್ಮಿಬ್ಬರನ್ನು ಈ ಊರಲ್ಲಿ ಬಾಡಿಗೆ ಕೋಣೆಯಲ್ಲಿ ಬಿಟ್ಟು, ಒಂದು ತಿಂಗಳಲ್ಲಿ ಬರುತ್ತೇನೆಂದು ಕಂಪನಿಯ ಗಾಡಿ ಹತ್ತಿದ. ಬೆಳಿಗ್ಗೆ ಎದ್ದಾಗ ಆತನ ಚಾಪೆ ಸುತ್ತಿಟ್ಟಿತ್ತು. ನನ್ನನ್ನು ಎಬ್ಬಿಸಿ ಒಂದು ಮಾತು ಹೇಳಿ ಹೋಗಿರಲಿಲ್ಲ. ವರ್ಷ ಕಳೆದು ಯಾವುದೋ ಊರಲ್ಲಿ ಜ್ವರದಿಂದ ತೀರಿಕೊಂಡ ಸುದ್ದಿ ಬಂತು.

ಇಷ್ಟು ಬರೆಯಬೇಕೆಂದಿರಲಿಲ್ಲ. ಹಾಳೆ ಚಿಕ್ಕದು, ಮುಗಿಯಿತು.

ಮಾರ್ಚ್ 7, ಶುಕ್ರವಾರ

ಗ್ರಂಥಾಲಯ ಊರಾಚೆಯ ಹೊಸ ಕಟ್ಟಡಕ್ಕೆ ಹೋಗುತ್ತದೆ, ನಾನು ಮೇ ಕೊನೆಗೆ ಮನೆಗೆ ಹೋಗುತ್ತೇನೆ. ಯಾರಿಗೆ ಬೇಕು ಆ ಗಾಜಿನ ಕಟ್ಟಡ! ಇಲ್ಲಿ ನನ್ನ ಮೇಜಿನ ಮೇಲೆ ಬೀಳುವ ಬೆಳಕು ಹತ್ತು ಗಂಟೆಗೆ ಎಲ್ಲಿರುತ್ತದೆ, ಮೂರಕ್ಕೆ ಎಲ್ಲಿರುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ.

ಹೊಸ ಮೇಡಂ ದುರಸ್ತಿ ಕೋಣೆಗೆ ಬಂದಿದ್ದರು. ಗ್ರಂಥಾಲಯದ ಮುಖ್ಯಸ್ಥೆಯಾಗಿ ಬಂದು ಎಂಟು ತಿಂಗಳಾಯಿತು. ನನ್ನ ಕತ್ತರಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಬಂದವರೇ ಅಂಟಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ನನಗೆ ರೇಗಿತು. ಗಂಜಿ ಅಂಟು ಮೇಡಂ, ಬಡಿಸಲೇ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಹೊಸ ಕಟ್ಟಡಕ್ಕೆ ಒಯ್ಯದ ಪುಸ್ತಕಗಳ ಪಟ್ಟಿ ಕೊಟ್ಟು, ನೋಡಿ ಸಹಿ ಹಾಕಿ ಎಂದರು. ಎಲ್ಲವೂ ಎರಡನೆಯ ಪ್ರತಿಗಳು. ಮೂರನೆಯ ಪುಟದಲ್ಲಿತ್ತು: ಸರ್ಕಾರಿ ಗೆಜೆಟ್, ಎರಡನೆಯ ಪ್ರತಿ, ಸಂಪುಟ ಒಂದರಿಂದ ಇಪ್ಪತ್ತು. ಮೊದಲ ಪ್ರತಿ ಸುಸ್ಥಿತಿಯಲ್ಲಿದೆ. ಏಪ್ರಿಲ್ ಹತ್ತಕ್ಕೆ ಕಾಗದ ಕಾರ್ಖಾನೆಗೆ.

ಆ ಇಪ್ಪತ್ತು ಸಂಪುಟ ಕಟ್ಟಿದವನು ನಾನು. ಸೇರಿದ ಮೊದಲ ವರ್ಷದ ಕೆಲಸ. ಪಟ್ಟಿಗೆ ನಾಳೆ ಸಹಿ ಹಾಕುತ್ತೇನೆಂದು ಹೇಳಿ ಕಳಿಸಿದೆ.

ಮಾರ್ಚ್ 14, ಶುಕ್ರವಾರ

ಅಕ್ಕ ಪಕ್ಕದ ಮನೆಯ ಗೇಟು ತೆಗೆದು ಒಳಗೆ ಹೋಗಿ, ಅವರ ಕುರ್ಚಿಯಲ್ಲಿ ಕೂತು, ನೀವ್ಯಾರು ಎಂದು ಅವರನ್ನೇ ಕೇಳಿದಳಂತೆ. ಅವರು ಒಳ್ಳೆಯವರು, ಚಹಾ ಕೊಟ್ಟು ಕರೆತಂದು ಬಿಟ್ಟರು. ಅಕ್ಕ ನಾಚಿಕೆಯಿಂದ ಇಡೀ ಸಂಜೆ ಯಂತ್ರ ತುಳಿದಳು. ಕೊನೆಗೆ ಹಾಡಿದಳು, ಅಲ್ಲಿಗೇ ನಿಂತಳು, ಮುಂದೇನೋ ಪುಟ್ಟಾ ಎಂದಳು. ಈ ಸಲ ಅತ್ತಳು. "ಹೆಸರು ಮರೀಲಿ, ಮನೆ ಮರೀಲಿ. ಅಪ್ಪನ ಹಾಡು ಮರೆತರೆ ನನ್ನ ಹತ್ರ ಇನ್ನೇನು ಉಳೀತೋ?"

ಇಲ್ಲಿಯಾದರೂ ಬರೆದುಬಿಡುತ್ತೇನೆ. ಆ ಹಾಡು ಎಲ್ಲಿದೆ ಎಂದು ನನಗೆ ಗೊತ್ತು.

ಆಗ ನನಗೆ ಇಪ್ಪತ್ಮೂರು. ದುರಸ್ತಿ ಕೋಣೆಯ ಯಜಮಾನರು ದೊಡ್ಡ ಮೇಸ್ತ್ರಿ, ಈಗಿಲ್ಲ. ಪುಸ್ತಕದ ಬೆನ್ನು ಗಟ್ಟಿಯಾಗಲು ಹೊಲಿಗೆಯ ಮೇಲೆ ಉದ್ದುದ್ದ ಕಾಗದದ ಪಟ್ಟಿಗಳನ್ನು ಎರಡು ಮೂರು ಪದರ ಅಂಟಿಸುತ್ತೇವೆ. ಮೇಲೆ ರಟ್ಟು ಬಟ್ಟೆ ಬಂದಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ರದ್ದಿ ಕಾಗದವೇ ಸಾಕು. ಮೇಸ್ತ್ರಿ ಒಂದು ಕಟ್ಟು ಕೊಟ್ಟು, ಇವು ಯಾವ ರಿಜಿಸ್ಟರಿನಲ್ಲೂ ಇಲ್ಲ, ಒಳ್ಳೆ ಗಟ್ಟಿ ಕಾಗದ, ಬೆನ್ನಿಗೆ ಹಾಕು ಎಂದರು. ಹಳೆಯ ನಾಟಕಗಳ ಹಾಡಿನ ಹಾಳೆಗಳು ಅವು, ಹತ್ತು ಹದಿನೈದು ಇದ್ದವು. ನಾಟಕ ನೋಡಲು ಬಂದವರಿಗೆ ಬಾಗಿಲಲ್ಲಿ ಮಾರುತ್ತಿದ್ದಂಥವು.

ಕೊನೆಯ ಹಾಳೆಯ ಅಡಿಯಲ್ಲಿ ಆ ಮನುಷ್ಯನ ಹೆಸರಿತ್ತು. ಮೂಲೆಯಲ್ಲಿ ನಮ್ಮ ಗ್ರಂಥಾಲಯದ ದುಂಡು ಮೊಹರೂ ಇತ್ತು.

ಮೊಹರು ಬಿದ್ದ ಕಾಗದ ಗ್ರಂಥಾಲಯದ ಸ್ವತ್ತು. ಅದು ರದ್ದಿಯಲ್ಲ, ರಿಜಿಸ್ಟರಿನಲ್ಲಿ ಬರೆದುಕೊಳ್ಳಲು ಯಾರೋ ಮರೆತದ್ದು. ಕೆಲಸಕ್ಕೆ ಸೇರಿದ ಮೊದಲ ದಿನ ನಮಗೆ ಕಲಿಸುವ ಪಾಠವೇ ಅದು. ಎದ್ದು ಹೋಗಿ, ಮೇಸ್ತ್ರಿ, ಇದಕ್ಕೆ ಮೊಹರಿದೆ ಎಂದು ಹೇಳಿದ್ದರೆ ಸಾಕಿತ್ತು. ನಾನು ಏಳಲಿಲ್ಲ. ಆ ಹೆಸರನ್ನು ಒಂದು ನಿಮಿಷ ನೋಡಿದೆ. ಹಾಡು ಓದಲೂ ಇಲ್ಲ. ಉದ್ದಕ್ಕೆ ನಾಲ್ಕು ಪಟ್ಟಿ ಸೀಳಿ ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕನೇ ಸಂಪುಟಗಳ ಬೆನ್ನಿಗೆ ಅಂಟಿಸಿದೆ. ಖುಷಿಯಾಗಿತ್ತು. ಥೂ ನನ್ನ!

ಮಾರ್ಚ್ 20, ಗುರುವಾರ

ಮೇಡಂಗೆ ಯಾಕೆ ಹೇಳುತ್ತಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಮೇ ಮೂವತ್ತಕ್ಕೆ ನನಗೆ ಬೀಳ್ಕೊಡುಗೆ ಇದೆ. ದೊಡ್ಡ ಓದುಕೋಣೆಯಲ್ಲಿ, ಹೂವು, ಭಾಷಣ. ಇವರ ಕೈಗೆ ಸಿಕ್ಕ ಯಾವ ಪುಸ್ತಕವೂ ಹಾಳಾಗಲಿಲ್ಲ ಎಂದು ಯಾರೋ ಹೇಳುವವರಿದ್ದಾರೆ. ಆ ಮಾತು ಕೇಳಬೇಕೆಂದು ಆಸೆ. ಅದರ ಮುನ್ನ ಎದ್ದು ನಿಂತು, ಮೊಹರು ಬಿದ್ದ ಹಾಳೆಗಳನ್ನು ಸೀಳಿದ ಕಳ್ಳ ನಾನೇ ಎನ್ನಬೇಕೇ?

ಮಧ್ಯಾಹ್ನ ಮೇಡಂ ಊಟದ ಡಬ್ಬಿ ಹಿಡಿದು ನಮ್ಮ ಕೋಣೆಗೇ ಬಂದರು. ಮೇಲಿನವರ ಜೊತೆ ಜಗಳವಾಡಿ ಬಂದಿದ್ದರಂತೆ. ಬಸ್ಸಿನ ವೇಳಾಪಟ್ಟಿ, ಸೋಪಿನ ಹೊದಿಕೆ, ಚುನಾವಣೆ ಚೀಟಿ, ಈ ಕಸವನ್ನೆಲ್ಲ ಹೊಸ ಕಟ್ಟಡಕ್ಕೆ ಯಾಕೆ ಹೊರುತ್ತೀರಿ ಎಂದು ಅವರು ಕೇಳಿದರಂತೆ. ಮೇಡಂ ತುತ್ತು ಕೈಯಲ್ಲೇ ಹಿಡಿದು ನನಗೆ ಹೇಳಿದರು, "ದೊಡ್ಡ ಪುಸ್ತಕ ಎಲ್ಲಾದ್ರೂ ಒಂದು ಕಡೆ ಉಳ್ಕೊಳ್ಳುತ್ತೆ ಮೇಸ್ತ್ರಿ. ಈ ಚಿಲ್ಲರೆ ಕಾಗದ ನಮ್ಮಲ್ಲಿ ಉಳೀಲಿಲ್ಲ ಅಂದ್ರೆ ಇನ್ನೆಲ್ಲೂ ಉಳಿಯಲ್ಲ. ಜನ ಹೇಗೆ ಬದುಕಿದ್ರು ಅನ್ನೋದು ಇದರಲ್ಲೇ ಇರೋದು."

ನನ್ನ ಡಬ್ಬಿ ಮುಚ್ಚಿಟ್ಟೆ. ಅಂಟು ಮೂಸಿದ್ದಕ್ಕೆ ಈಕೆಯ ಮೇಲೆ ಅಷ್ಟು ಸಿಟ್ಟು ಮಾಡಿಕೊಳ್ಳಬೇಕಿರಲಿಲ್ಲ.

ಮಾರ್ಚ್ 28, ಶುಕ್ರವಾರ

ಅಕ್ಕನ ಮನಸ್ಸು ಇವತ್ತು ತಿಳಿಯಾಗಿತ್ತು. ಕೇಳದೆಯೇ ಹಳೆಯದನ್ನೆಲ್ಲ ಹೇಳಿದಳು. ಕಂಪನಿ ಈ ಊರಿಗೆ ಬಂದಾಗಲೆಲ್ಲ ಅವಳ ಅಪ್ಪ ಹೊಸ ಹಾಡಿನ ಹಾಳೆಯನ್ನು ಮಡಿಸದೆ, ಕೊಳವೆಯಂತೆ ಸುತ್ತಿ, ಅವಳ ಕೈಗೆ ಕೊಟ್ಟು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಅಚ್ಚಾದ ಪ್ರತಿಯೊಂದರದೂ ಒಂದು ಪ್ರತಿ ಅಲ್ಲಿ ಕೊಡಬೇಕೆಂಬ ಕಾನೂನು ಆಗಲೂ ಇತ್ತು. ಕಂಪನಿಯ ಯಜಮಾನ ಅದನ್ನೆಲ್ಲ ಕ್ಯಾರೇ ಅನ್ನುತ್ತಿರಲಿಲ್ಲ, ಇವರೇ ಹೋಗುತ್ತಿದ್ದರು. ಅಂಗಿಯ ಗುಂಡಿ ನೆಟ್ಟಗೆ ಹಾಕಿಕೊಳ್ಳದ ಮನುಷ್ಯ, ಆವತ್ತು ಮಾತ್ರ ತಲೆ ಬಾಚಿಕೊಳ್ಳುತ್ತಿದ್ದರಂತೆ. ಕೌಂಟರಿನಲ್ಲಿ ಗುಮಾಸ್ತ ಟಕ್ಕೆಂದು ಮೊಹರು ಒತ್ತಿದರೆ ಮಗಳ ಕಡೆ ನೋಡಿ ನಗುತ್ತಿದ್ದರಂತೆ. ನಾವು ಊರೂರು ಅಲೆಯೋರು, ನಮ್ಮ ಹತ್ತಿರ ಯಾವುದೂ ಉಳಿಯಲ್ಲ, ಇದು ಇಲ್ಲಿ ಇರುತ್ತೆ ಬಿಡು ಎನ್ನುತ್ತಿದ್ದರಂತೆ.

"ಅಲ್ಲೇ ಕೆಲಸ ಮಾಡ್ತೀಯಲ್ಲ, ಒಂದ್ಸಲ ಹುಡುಕಿ ನೋಡೋ" ಎಂದಳು.

ನೋಡುತ್ತೇನೆ ಎಂದೆ.

ಏಪ್ರಿಲ್ 1, ಮಂಗಳವಾರ

ಮೇಡಂ ಕೋಣೆಯ ಬಾಗಿಲ ತನಕ ಹೋಗಿದ್ದೆ. ಯಾರೋ ಒಳಗಿದ್ದರು. ಹತ್ತನೇ ತಾರೀಖಿಗೆ ಇನ್ನೂ ಸಮಯವಿದೆ ಎಂದುಕೊಂಡು ವಾಪಸು ಬಂದೆ.

ಏಪ್ರಿಲ್ 3, ಗುರುವಾರ

ಸಮಯ ಇರಲಿಲ್ಲ.

ಬೆಳಿಗ್ಗೆ ಕೆಳಗಿನ ಉಗ್ರಾಣಕ್ಕೆ ಇಳಿದರೆ ಗೆಜೆಟ್ ಕಪಾಟಿನಲ್ಲಿ ಕಂಡಿ. ಉಗ್ರಾಣ ನೋಡಿಕೊಳ್ಳುವ ಉದ್ದಣ್ಣನನ್ನು ಕೇಳಿದೆ. ಕಾರ್ಖಾನೆಯ ಲಾರಿ ನಿನ್ನೆ ಈ ದಾರಿಯಲ್ಲೇ ಹೋಗುತ್ತಿತ್ತಂತೆ, ಜಾಗವಿದೆ, ಸ್ವಲ್ಪ ಕೊಡಿ ಎಂದರಂತೆ. ಇವನು ಹೇಗೂ ಹೋಗುವ ಮಾಲು ಎಂದು, ನನ್ನ ಸಹಿಗೂ ಕಾಯದೆ, ಕೊನೆಯ ತುದಿಯಿಂದ ಹೇರಿದ. ಇಪ್ಪತ್ತು, ಹತ್ತೊಂಬತ್ತು, ಹೀಗೆ ಹದಿನಾಲ್ಕರ ತನಕ. ಅಲ್ಲಿಗೆ ಲಾರಿ ತುಂಬಿತು. ಉದ್ದಣ್ಣ ಕೆಲಸಗಳ್ಳ ಎಂದು ಇಷ್ಟು ವರ್ಷ ಬೈದಿದ್ದೇನೆ, ನಿನ್ನೆಯೇ ಅವನಿಗೆ ಚುರುಕು ಬಂದಿದೆ.

ಓಡಿದೆ. ಈ ಮೊಣಕಾಲಿನಲ್ಲಿ ಮೂರು ಮಹಡಿ ಹತ್ತಿ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಬಾಗಿಲು ಹಾಕಲೂ ಮರೆತಿದ್ದೆ. ಯಾರು ಯಾರು ಕೇಳಿಸಿಕೊಂಡರೋ. ಮೇಡಂ ಮೊದಲು ಕಾರ್ಖಾನೆಗೆ ಫೋನು ಹಚ್ಚಿದರು. ನಿನ್ನೆ ಬಂದದ್ದೆಲ್ಲ ಬೆಳಿಗ್ಗೆಯೇ ನೀರಿನ ತೊಟ್ಟಿಗೆ ಬಿದ್ದು ಕರಗಿಹೋಯಿತಂತೆ.

ಫೋನಿಟ್ಟು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಮೊಹರು ನೋಡಿದ್ರಾ ಆವತ್ತು?"

"ನೋಡಿದ್ದೆ."

"ಯಾರ ಹೆಸರು ಅಂತಾನೂ ಗೊತ್ತಿತ್ತು."

"ನಮ್ಮ ಅಪ್ಪಂದು" ಎಂದೆ.

ಒಂದು ಬಿಳಿ ಹಾಳೆ ನನ್ನ ಕಡೆ ಸರಿಸಿ, ಈಗ ಹೇಳಿದ್ದನ್ನು ಬರೆದು ಸಹಿ ಹಾಕಿ ಎಂದರು. ಅದು ಮೇಲಿನವರಿಗೆ ಹೋಗಲೇಬೇಕು, ತಡೆಯಲು ನನ್ನಿಂದಾಗಲ್ಲ ಎಂದರು. ಬರೆದೆ. ಅಕ್ಷರ ಕಾಗೆ ಕಾಲಾಗಿತ್ತು. ಅದನ್ನು ತೆಗೆದುಕೊಂಡು, "ಉಳಿದ ಹದಿಮೂರು ಪಟ್ಟಿಯಿಂದ ತೆಗೆಸ್ತೀನಿ. ಬೆನ್ನು ಬಿಚ್ಚೋದು ನೀವೇ. ನಿಮ್ಮ ಹೊಲಿಗೆ ನಿಮಗಷ್ಟೇ ಗೊತ್ತು" ಎಂದರು.

ಏಪ್ರಿಲ್ 9, ಬುಧವಾರ

ಹನ್ನೊಂದನೇ ಸಂಪುಟ ಬಿಚ್ಚಿದೆ. ನೆನೆಸಿದ ಒತ್ತುಕಾಗದವನ್ನು ಬೆನ್ನಿಗೆ ಹೊದಿಸಿ ಒಂದು ಗಂಟೆ ಕಾದೆ. ಗಂಜಿ ಅಂಟು ನೀರು ಕುಡಿದು ಮೆತ್ತಗಾಯಿತು. ಕಾಗದದ ಮಡಿಕೆ ತೀಡುವ ಮೂಳೆ ಕಡ್ಡಿಯ ತುದಿ ಒಳಗೆ ತೂರಿಸಿದರೆ ಪಟ್ಟಿ ಮೆಲ್ಲಗೆ, ಒಂದು ನೂಲೂ ಹರಿಯದೆ ಬಿಟ್ಟುಕೊಂಡು ಬಂತು.

ಆ ಕಾಲದಲ್ಲಿ ಕಾರ್ಖಾನೆಯ ಗೋಂದು ಹೊಸದಾಗಿ ಬಂದಿತ್ತು. ಬೇಗ ಒಣಗುತ್ತದೆ, ಮತ್ತೆ ಏಳುವುದಿಲ್ಲ. ನಾನು ಅದನ್ನೇ ಬಳಸುತ್ತೇನೆಂದು ಹಟ ಹಿಡಿದಿದ್ದೆ. ದೊಡ್ಡ ಮೇಸ್ತ್ರಿ ಡಬ್ಬಿ ಕಿತ್ತುಕೊಂಡರು. "ಬಿಚ್ಚೋಕೆ ಬರೋ ಹಾಗೆ ಅಂಟಿಸೋ. ನಿನ್ನ ತಪ್ಪು ತಿದ್ದೋಕೆ ನಾಳೆ ಇನ್ನೊಬ್ಬ ಬರ್ತಾನೆ, ಅವನಿಗೆ ದಾರಿ ಬಿಡು." ಬೆಳಿಗ್ಗೆ ಗಂಜಿ ಕುದಿಸಬೇಕಲ್ಲಾ ಎಂದು ಒಳಗೊಳಗೇ ಅವರನ್ನು ಶಪಿಸಿದ್ದೆ. ಆ ಇನ್ನೊಬ್ಬ ನಾನೇ ಎಂದು ಯಾರಿಗೆ ಗೊತ್ತಿತ್ತು.

ಮೊದಲ ಪಟ್ಟಿಯ ಮೂಲೆಯಲ್ಲಿ ದುಂಡು ಮೊಹರು. ನೀಲಿ ಬಣ್ಣ ಇನ್ನೂ ಹಸಿಯಾಗಿರುವಂತಿತ್ತು.

ಏಪ್ರಿಲ್ 17, ಗುರುವಾರ

ಹನ್ನೆರಡು, ಹದಿಮೂರು ಆಯಿತು. ಉಳಿದ ಬೆನ್ನುಗಳಿಂದ ಬೇರೆ ನಾಟಕಗಳ ಒಂಬತ್ತು ಹಾಳೆ ಹೆಚ್ಚುಕಡಿಮೆ ಪೂರ್ತಿ ಎದ್ದುಬಂದವು. ಅವುಗಳಲ್ಲಿ ಏಳು ಇನ್ನೆಲ್ಲೂ ಇಲ್ಲವೆಂದು ಮೇಡಂ ನಾಲ್ಕು ಗ್ರಂಥಾಲಯಗಳಿಗೆ ಬರೆದು ಖಚಿತ ಮಾಡಿಕೊಂಡರು. ರಿಜಿಸ್ಟರಿನಲ್ಲಿಲ್ಲದ ಬಾಕಿ ಕಟ್ಟುಗಳು ಆ ಕಾಲದಲ್ಲೇ ರದ್ದಿಗೆ ಹೋದವಂತೆ. ಹಾಗಂತ ನೀವು ಮಾಡಿದ್ದು ಸರಿ ಅಂತ ತಿಳ್ಕೋಬೇಡಿ ಎಂದರು. ತಿಳಿದುಕೊಂಡಿಲ್ಲ.

ಅಪ್ಪನ ಹಾಳೆಯ ಮೂರು ಪಟ್ಟಿಗಳನ್ನು ಗಾಜಿನ ಮೇಲೆ ಜೋಡಿಸಿದೆ. ಹಾಡಿನ ಸಾಲುಗಳೆಲ್ಲ ಎಡದಿಂದ ಶುರುವಾಗಿ ಹದಿನಾಲ್ಕನೇ ಸಂಪುಟದ ಹತ್ತಿರ ಬಂದು ತುಂಡಾಗುತ್ತವೆ. ಎರಡನೇ ನುಡಿಯಲ್ಲಿ ಉಳಿದದ್ದು ಇಷ್ಟು:

ಗಾಡಿ ಹೊರಡುವ ಹೊತ್ತಾಯಿತು, ಊರು
ಪೆಟ್ಟಿಗೆಯಲ್ಲಿ ಮಲಗಿದ ಕಂದನ
ಹಾಡನಿಲ್ಲೇ ಬಿಟ್ಟು ಹೋಗುವೆ, ಎದ್ದರೆ
ಅಪ್ಪನೆಲ್ಲಿ ಎಂದು ಕೇಳಿದರೆ

ಹತ್ತಾರು ಸಲ ಓದಿದೆ. ಕೇಳಿದರೆ ಏನು? ಒಂದು ವಾರ ಮುಂಚೆ ಬಾಯಿ ಬಿಟ್ಟಿದ್ದರೆ ಅದೂ ನನ್ನ ಮೇಜಿನ ಮೇಲೇ ಇರುತ್ತಿತ್ತು. ಯಾವ ಹೂವಿನ ಹಾರಕ್ಕಾಗಿ ಕಾದೆನೋ!

ಏಪ್ರಿಲ್ 21, ಸೋಮವಾರ

ಅಕ್ಕ ನನ್ನನ್ನು ಅಪ್ಪ ಎಂದು ಕರೆದಳು. ನಾನು ತಿದ್ದಲಿಲ್ಲ.

ಮೇ 5, ಸೋಮವಾರ

ಅಕ್ಕನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಕಟ್ಟಡ ಖಾಲಿಯಾಗುವ ಮುಂಚೆ ಒಮ್ಮೆ ನೋಡಲಿ ಎಂದು ಮೇಡಂ ಹೇಳಿದ್ದರು. ಹೊರಡುವಾಗ ಎಲ್ಲಿಗೆ ಎಂದು ಐದು ಸಲ ಕೇಳಿದಳು. ಒಳಗೆ ಕಾಲಿಟ್ಟ ಮೇಲೆ ಕೇಳಲಿಲ್ಲ. ಓದುಕೋಣೆಯ ಅರ್ಧ ಕಪಾಟು ಬರಿದಾಗಿತ್ತು, ಗೋಡೆಯ ಮೇಲೆ ಕಪಾಟಿನ ಆಕಾರದಲ್ಲಿ ಬಿಳಿ ಗುರುತು ಉಳಿದಿತ್ತು. ಅದ್ಯಾವುದನ್ನೂ ನೋಡದೆ ನೇರ ಹಳೆಯ ಮರದ ಕೌಂಟರಿಗೆ ಹೋಗಿ ಅದರ ಅಂಚಿಗೆ ಗಲ್ಲ ಹಚ್ಚಿದಳು. ಈಗ ಅದಕ್ಕೆ ಬಗ್ಗಬೇಕು. ಆಗ ತುದಿಗಾಲಲ್ಲಿ ನಿಂತರೆ ಗಲ್ಲ ಇಷ್ಟಕ್ಕೆ ಬರುತ್ತಿತ್ತು ಎಂದಳು.

ದುರಸ್ತಿ ಕೋಣೆಯಲ್ಲಿ ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಗಾಜು ಮುಂದಿಟ್ಟೆ. ಮೊದಲು ಮೊಹರನ್ನು ಬೆರಳಿಂದ ಮುಟ್ಟಿದಳು. ನಾನು ಯಾರಿಗೂ ಮುಟ್ಟಗೊಡುವುದಿಲ್ಲ, ಇವತ್ತು ಸುಮ್ಮನಿದ್ದೆ. ಈ ಹಾಳೆಯನ್ನು ಸೀಳಿದ್ದು ನಾನೇ ಅಕ್ಕಾ ಎಂದು ಹೇಳಿದೆ. ಕೇಳಿಸಿತೋ ಇಲ್ಲವೋ, ಅವಳ ಕಣ್ಣು ಅಕ್ಷರಗಳ ಮೇಲಿತ್ತು. ನಾನು ಮೊದಲ ಸಾಲು ಓದಿದೆ. ಗಾಡಿ ಹೊರಡುವ ಹೊತ್ತಾಯಿತು, ಊರು...

"ಇನ್ನೂ ಎದ್ದಿಲ್ಲ" ಎಂದಳು ಅಕ್ಕ. ಥಟ್ಟನೆ, ನೀರು ಕೇಳಿದರೆ ಕೊಟ್ಟಷ್ಟು ಸಲೀಸಾಗಿ.

ಆಮೇಲೆ ಓದುವ ಕೆಲಸ ನನಗೆ ಉಳಿಯಲಿಲ್ಲ. ಕಾಗದದಲ್ಲಿದ್ದ ಪದಗಳನ್ನು ಕಣ್ಣಿನಿಂದಲೂ ಇಲ್ಲದವನ್ನು ಎಲ್ಲಿಂದಲೋ ತೆಗೆದುಕೊಂಡು ಹಾಡಿದಳು. ಹಲ್ಲಿಲ್ಲದ ಬಾಯಿ, ಸ್ವರ ಮಾತ್ರ ಒಂದು ಕೂದಲೆಳೆ ಆಚೀಚೆ ಆಗಲಿಲ್ಲ.

ಗಾಡಿ ಹೊರಡುವ ಹೊತ್ತಾಯಿತು, ಊರು ಇನ್ನೂ ಎದ್ದಿಲ್ಲ
ಪೆಟ್ಟಿಗೆಯಲ್ಲಿ ಮಲಗಿದ ಕಂದನ ಎಬ್ಬಿಸೋ ಮನಸಿಲ್ಲ
ಹಾಡನಿಲ್ಲೇ ಬಿಟ್ಟು ಹೋಗುವೆ, ಎದ್ದರೆ ಕೊಟ್ಟುಬಿಡಿ
ಅಪ್ಪನೆಲ್ಲಿ ಎಂದು ಕೇಳಿದರೆ ಹಾಡಿನೊಳಗೆಂದುಬಿಡಿ

ಮೇಡಂ ಬಾಗಿಲಲ್ಲಿ ನಿಂತು ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡರು. ಅಂಟಿನ ಒಲೆಯ ಸದ್ದು ಬೇಡವೆಂದು ನಾನು ಆರಿಸಿದ್ದೆ.

ಪೆಟ್ಟಿಗೆ ಎಂದರೇನು ಎಂದು ಕೇಳಿದೆ. "ವೇಷದ ಪೆಟ್ಟಿಗೆ ಕಣೋ. ಅಮ್ಮ ಹೋದ ವರ್ಷ ಬರೆದದ್ದು ಇದು. ಆಟ ಮುಗಿಯೋ ತನಕ ನೀನು ಅದರಲ್ಲೇ ಮಲಗ್ತಿದ್ದೆ. ಒಂದು ಕಡೆ ರಾಜನ ಕಿರೀಟ, ಒಂದು ಕಡೆ ನೀನು. ನಾನು ಹಾಡ್ತಿದ್ರೆ ಅಪ್ಪ ಪಕ್ಕದ ಪರದೆ ಹಿಂದೆ ನಿಂತು ಪೆಟ್ಟಿಗೆ ತೂಗ್ತಿದ್ರು. ನೀನು ಎದ್ರೆ ಅಂತ ಅಪ್ಪಂಗೆ ಎಷ್ಟು ಭಯ! ಮಲಗಿದ ಮಗೂನ ಎಬ್ಬಿಸಬಾರದು ಅಂತ ಕೊನೇವರೆಗೂ ಒಂದೇ ಹಟ."

ನಾನು ಕೈ ತೊಳೆದು ಬರುತ್ತೇನೆಂದು ಎದ್ದು ಹೋದೆ. ನಲ್ಲಿ ಬಿಟ್ಟುಕೊಂಡು ಅತ್ತೆ. ಐವತ್ತೈದು ವರ್ಷ ಆ ಸುತ್ತಿಟ್ಟ ಚಾಪೆಯ ಮೇಲೆ ಹಗೆ ಸಾಧಿಸಿದ್ದೆ.

ಮೇ 16, ಶುಕ್ರವಾರ

ಮೇಲಿನವರಿಂದ ಎಚ್ಚರಿಕೆ ಪತ್ರ ಬಂತು. ಗ್ರಂಥಾಲಯದ ಸ್ವತ್ತಿಗೆ ಹಾನಿ, ಗಂಭೀರ ಲೋಪ, ದಾಖಲಿಸಲಾಗಿದೆ. ಬೀಳ್ಕೊಡುಗೆ ಸಮಾರಂಭ ರದ್ದು. ಕೆಲಸಕ್ಕೆ ಸೇರಿಸಿಕೊಂಡ ಪತ್ರ ಬಿಟ್ಟರೆ, ಗ್ರಂಥಾಲಯ ನನ್ನ ಪೂರ್ತಿ ಹೆಸರು ಬರೆದು, ಮೊಹರು ಒತ್ತಿ ಕೊಟ್ಟ ಮೊದಲ ಕಾಗದ ಇದು. ದುರಸ್ತಿ ಮಾಡಿದವನ ಹೆಸರು ಯಾವ ಪುಸ್ತಕದ ಮೇಲೂ ಇರಬಾರದು ಎನ್ನುವುದು ದೊಡ್ಡ ಮೇಸ್ತ್ರಿಯ ಕಾಲದಿಂದಲೂ ನಡೆದು ಬಂದ ಪದ್ಧತಿ. ಅಕ್ಕನಿಗೆ ಪತ್ರ ತೋರಿಸಿದೆ. ಮೊಹರು ನೋಡಿ, ಭೇಷ್ ಎಂದಳು.

ಮೇ 30, ಶುಕ್ರವಾರ

ಕೊನೆಯ ದಿನ. ಕತ್ತರಿ, ಮೂಳೆ ಕಡ್ಡಿ, ಸೂಜಿ ಡಬ್ಬಿಯನ್ನು ಹೊಸ ಕಟ್ಟಡಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಇಟ್ಟೆ. ಗಂಜಿ ಅಂಟು ಮಾಡುವ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದೆ. ಬರುವವರು ಯಾರೋ, ಬೇಗ ಒಣಗುವ ಗೋಂದು ತಂದಾರು. ಉದ್ದಣ್ಣ ಬಂದು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದ.

ಹೂವಿಲ್ಲ, ಭಾಷಣವಿಲ್ಲ. ಮೇಡಂ ನಮ್ಮ ಕೋಣೆಗೆ ಎರಡು ಲೋಟ ಚಹಾ ತಂದರು. ಜೊತೆಗೆ ಒಂದು ಕಾರ್ಡು. ಅಪ್ಪನ ಹಾಳೆಯನ್ನು ಕೊನೆಗೂ ರಿಜಿಸ್ಟರಿನಲ್ಲಿ ಬರೆದುಕೊಂಡು ಮಾಡಿದ ಕಾರ್ಡು ಅದು. ಗುಮಾಸ್ತ ಮೊಹರು ಒತ್ತಿ ಅರವತ್ತು ವರ್ಷವಾದ ಮೇಲೆ ಅದಕ್ಕೊಂದು ನಂಬರು ಸಿಕ್ಕಿದೆ. ಲೇಖಕರು ಎಂಬಲ್ಲಿ ಅಪ್ಪನ ಹೆಸರು. ಕೆಳಗೆ ಟಿಪ್ಪಣಿ: ನಾಲ್ಕು ಪಟ್ಟಿಗಳಲ್ಲಿ ಕೊನೆಯದು ನಷ್ಟವಾಗಿದೆ. ಆ ಭಾಗದ ಪದಗಳನ್ನು ಹಾಡಿ ಒದಗಿಸಿದವರು ಲೇಖಕರ ಮಗಳು.

ಇನ್ನೊಂದು ಸಾಲು ಖಾಲಿ ಬಿಟ್ಟಿದ್ದರು. ಇದನ್ನು ನೀವು ತುಂಬಿ ಎಂದು ಪೆನ್ನು ಕೊಟ್ಟರು. ಪದ್ಧತಿ ಇಲ್ಲವಲ್ಲ ಮೇಡಂ ಎಂದೆ. ಸೀಳಿದ್ದೂ ಪದ್ಧತಿಯಲ್ಲ, ಬರೀರಿ ಎಂದರು.

ಚಹಾ ಆರುವ ತನಕ ಪೆನ್ನು ಹಿಡಿದು ಕೂತಿದ್ದೆ. ಆಮೇಲೆ ಬರೆದೆ. ಅಕ್ಷರ ದುಂಡಗೆ ಬಂತು.

ಸೀಳಿದ್ದು ಮತ್ತು ಜೋಡಿಸಿದ್ದು: ಲೇಖಕರ ಮಗ.